ಎರಡನೆಯ ಕೋಣೆಯ ಟ್ರಾಮ್

ರಾತ್ರಿ ಹತ್ತಕ್ಕೆ ವಿಸ್ವಾಲ್ದಿಸನ ಬೋಳುತಲೆಗೆ
ತಂತಿ ಅಂಟಿಸಲು ಕೂತೆ.
ಗದ್ದಕ್ಕೆರಡು, ಮೊಣಕಾಲ ಕೆಳಗೆರಡು,
ಕಣ್ಣಿನ ಅಂಚಿಗೆ ಒಂದೊಂದು.
‘ಮದುವೆಗೂ ಇಷ್ಟು ಸಿಂಗಾರ ಆಗಿರಲಿಲ್ಲ ನನಗೆ’ ಅಂದ.
ಹೆಂಡತಿ ನಗಲಿಲ್ಲ.
ಅವಳ ಎಡಗಣ್ಣಿನ ಕೆಳಗೆ
ಹಸಿರು ಹಳದಿಗೆ ತಿರುಗುತ್ತಿತ್ತು.

ರೀಗಾ ಊರಿನಲ್ಲಿ ಮೂವತ್ತೊಂದು ವರ್ಷ
ಟ್ರಾಮ್ ಓಡಿಸಿದವನು.
ದೌಗಾವಾ ಹೊಳೆಯ ಸೇತುವೆ ದಾಟಿ, ಪೇಟೆಯ ಮಗ್ಗುಲಿಗೆ ಹೊರಳಿ
ಮಂಜು ಕಚ್ಚಿದ ಹಳಿಯ ಮೇಲೆ ದಿನಕ್ಕೆ ಹನ್ನೆರಡು ಸಲ.
ಒಬ್ಬರನ್ನೂ ಕೊಂದಿಲ್ಲ ನಾನು,
ಎಂದ, ಕೇಳದಿದ್ದರೂ.
ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ.

ವಾರಕ್ಕೆ ಎಷ್ಟು ಸಲ ಹೀಗೆ?
‘ನನ್ನನ್ನು ಕೇಳಿ,’ ಅಂದಳು ಸ್ಕೈದ್ರೀತೆ,
‘ಆ ಹೊತ್ತಿಗೆ ಇವನು ಮನೆಯಲ್ಲೇ ಇರುವುದಿಲ್ಲ.
ಹೋದ ಮಂಗಳವಾರ ನಾನು ಹಳಿಯ ಮೇಲೆ ನಿಂತಿದ್ದೆನಂತೆ.
ದೂಡಿ ಉಳಿಸಿದ.
ಮಂಚದ ಪಕ್ಕದ ಮೇಜು ಕಣ್ಣಿಗೆ ಬಡಿಯಿತು.’

ದೀಪ ಆರಿಸಿ ಗಾಜಿನ ಈಚೆ ಬಂದೆ.
ಹನ್ನೊಂದೂ ಇಪ್ಪತ್ತು: ಕಣ್ಣ ಗೆರೆ ಮೆಲ್ಲಗೆ ತೂಗಿತು,
ಹಗ್ಗ ಬಿಚ್ಚಿದ ದೋಣಿಯ ಹಾಗೆ.
ಈಗ ಕರೆದರೆ ‘ಎಚ್ಚರವೇ ಇದ್ದೆ’ ಎಂದು ಆಣೆ ಇಡುತ್ತಾರೆ ಎಲ್ಲರೂ.
ಆಮೇಲೆ ತೆರೆಯ ಮೇಲೆ ಕದಿರುಗಳು,
ಹೊಟ್ಟೆ ದಪ್ಪ, ತುದಿ ಚೂಪು,
ಮಿದುಳು ತನ್ನ ಹಗಲನ್ನು ನೂಲುತ್ತಿತ್ತು.
ಮೇಲಿನ ಮಹಡಿಯಲ್ಲಿ ಯಾವುದೋ ಬಾಗಿಲು ಬಡಿಯಿತು.
ಒಂದೇ ಒಂದು ಎತ್ತರದ ಅಲೆ ಎದ್ದು
‘ಏನಿಲ್ಲ, ಮಲಗು’
ಎಂದು ತನ್ನನ್ನೇ ತಟ್ಟಿಕೊಂಡಿತು.
ಅದರಾಚೆ ಆಳ.
ಅಗಲ, ಸೋಮಾರಿ ಅಲೆಗಳು. ಅಲ್ಲಿ ಹೆಸರೂ ತಲುಪುವುದಿಲ್ಲ.

ಕನಸು ಬಂದದ್ದು ಎರಡೂ ನಲವತ್ತಕ್ಕೆ.

ಕನಸು ಒಳಗೆ ಕಾಲಿಡುವ ಮುಂಚೆ
ಮಿದುಳಿನ ಬುಡದಲ್ಲಿ ಕೂತ ಕಾವಲಿನವನು
ಕೈಕಾಲಿಗೆ ಬೀಗ ಜಡಿಯಬೇಕು.
ಉಸಿರಿಗೆ, ಕಣ್ಣಿಗೆ ಮಾತ್ರ ರಿಯಾಯಿತಿ.
ಗದ್ದದ ಗೆರೆ ಎಳೆದ ನೂಲಾಗಬೇಕು.
ಆಗಲಿಲ್ಲ. ಮುಳ್ಳುಪೊದೆಯಾಗಿ ಕೆದರಿತು.
ಎಪ್ಪತ್ತೊಂದರ ಬಲಗಾಲು ಒತ್ತಿತು,
ಇನ್ನೂ ಒತ್ತಿತು,
ಎಡಗೈ ಗಾಳಿಯಲ್ಲಿ ಗಂಟೆಯ ಗುಂಡಿ ಹುಡುಕಿತು.
‘ಸರಿಯೋ! ಸರಿಯೋ ಆಚೆ!’

ನಾನು ಓಡಬೇಕಿತ್ತು. ಓಡಿದೆ.
ಹಾದಿಯಲ್ಲಿ, ಗೋಡೆ ಗಡಿಯಾರದ ಕೆಳಗೆ
ಸ್ಕೈದ್ರೀತೆ.
ಮನೆಗೆ ಹೋಗಿ ಎಂದು ಎಷ್ಟು ಹೇಳಿದರೂ ಹೋಗದವಳು
ಪ್ಲಾಸ್ಟಿಕ್ ಕುರ್ಚಿಯಲ್ಲಿ, ಚಪ್ಪಲಿ ಕಳಚಿ,
ಬಾಯಿ ತೆರೆದು ಮಲಗಿದ್ದಳು.
ನಿದ್ದೆಗೆ ಹಾಸಿಗೆ ಬೇಡವಂತೆ;
ಬೇಕಾದದ್ದು ಮಧ್ಯದಲ್ಲೊಂದು ಗೋಡೆ.
ಅವಳಿಗೆ ಒಂದು ತಂತಿಯನ್ನೂ ಯಾರೂ ಅಂಟಿಸಿರಲಿಲ್ಲ.
ಏಳು ವರ್ಷದ ಅವಳ ರಾತ್ರಿಗಳು
ಯಾವ ಫೈಲಿನಲ್ಲೂ ಇಲ್ಲ.

ಅವನ ಕೂಗು ಗೋಡೆ ದಾಟಿ ಬಂತು.
ಅವಳ ಮೊಣಕೈ ಎದ್ದು
ಮುಖಕ್ಕೆ ಅಡ್ಡ ನಿಂತಿತು. ಕಣ್ಣು ತೆರೆಯಲಿಲ್ಲ.
ಕಾದಿತು,
ಏನೂ ಬೀಳದೆ, ಮೆಲ್ಲಗೆ ಮಡಿಲಿಗೆ ಇಳಿಯಿತು.

ಹಾದಿಯ ಬಾಗಿಲು ತೆರೆದಿರತಕ್ಕದ್ದು ಎಂದು ನಿಯಮ.
ಮುಚ್ಚಿದೆ.

ಬೆಳಿಗ್ಗೆ ಡಾಕ್ಟರ್ ಹೇಳುತ್ತಾರೆ,
ಮಾತ್ರೆಯ ಮಾತು, ಬೇರೆ ಮಂಚದ ಮಾತು,
ಬ್ರೇಕಿನ ಇದೇ ಕಾಲು ಮುಂದೆಂದೋ
ನಡುಗತೊಡಗಬಹುದೆಂಬ ಮಾತು.
ಅದು ನನ್ನ ಕೆಲಸವಲ್ಲ.
ನನ್ನದು ಗೆರೆ ನೋಡುವುದು, ಗಂಟೆ ಬರೆಯುವುದು,
ಆರಕ್ಕೆ ಬೆಚ್ಚನೆಯ ನೀರಿನಿಂದ ಅಂಟು ಬಿಡಿಸುವುದು.

ಐದೂವರೆಗೆ ಮೊದಲ ಟ್ರಾಮ್ ಕಿಟಕಿ ಅದುರಿಸಿ ಹೋಯಿತು.
ತೆರೆಯ ಮೇಲೆ ಒಂದೇ ಅಲೆ. ಏನಿಲ್ಲ, ಮಲಗು.

ಎಬ್ಬಿಸಿದಾಗ ಅವನ ಮೊದಲ ಪ್ರಶ್ನೆ:
‘ಯಾರಿಗಾದರೂ ಏನಾದರೂ ಆಯಿತಾ?’
ಇಲ್ಲ, ಅಂದೆ. ಸಮಯಕ್ಕೆ ನಿಂತಿತು.
‘ಅವಳೆಲ್ಲಿ?’
ತುಟಿಗೆ ಬೆರಳಿಟ್ಟೆ.
ತಲೆತುಂಬ ತಂತಿಯ ಜಡೆ ಹೊತ್ತುಕೊಂಡೇ
ಬರಿಗಾಲಲ್ಲಿ ಹಾದಿಗೆ ಬಂದ,
ನಿಲ್ದಾಣ ಹತ್ತಿರವಾದಂತೆ
ವೇಗ ತಾನಾಗಿ ಇಳಿಸುತ್ತ,
ಕುರ್ಚಿಗೆ ಒಂದು ಗೇಣು ಇರುವಾಗ
ನಿಂತ.